ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ರಿಕ್ತಾಂಶದ ಚರಿತ್ರೆ

ಪಟ್ಟಿಯೊಂದರಲ್ಲಿ ಎರಡು ಅಲ್ಪವಿರಾಮಗಳು ಪಕ್ಕಪಕ್ಕದಲ್ಲಿ ನಿಂತು, ಅವುಗಳ ನಡುವೆ ಏನೂ ಇಲ್ಲದಿರುವಾಗ, ಆ ಎಡೆಯಲ್ಲಿ ಒಂದು ಅಂಶ ಉಂಟೆಂದು ಎಣಿಸಬೇಕೋ, ಇಲ್ಲವೆಂದು ಬಿಡಬೇಕೋ, ಅಥವಾ ಬರೆದವನು ತಪ್ಪಿದನೆಂದು ತಿಳಿದು ಕೆಲಸವನ್ನೇ ನಿಲ್ಲಿಸಬೇಕೋ ಎಂಬ ಪ್ರಶ್ನೆಗೆ ಪ್ರೋಗ್ರಾಮಿಂಗ್ ಭಾಷೆಗಳು ಕೊಟ್ಟಿರುವ ಉತ್ತರಗಳು ಪರಸ್ಪರ ವಿರುದ್ಧವಾದುವು. ಲೋಪಗೊಂಡ ಪ್ರತ್ಯಯವೂ ತನ್ನ ನಿಮಿತ್ತವಾದ ಕಾರ್ಯವನ್ನು ನಡೆಸಬಲ್ಲುದೆಂದು ಪಾಣಿನಿಯು ವಿಧಿಸಿದುದನ್ನು ಬಲ್ಲವರಿಗೆ ಈ ಪ್ರಶ್ನೆ ತೀರ ಅಪರಿಚಿತವೆನಿಸದು.

ಐಬಿಎಂ ಸಂಸ್ಥೆ 1964ರಲ್ಲಿ ಘೋಷಿಸಿದ ಸಿಸ್ಟಮ್/360 ಯಂತ್ರಗಳಿಗೆ ಕೆಲಸಗಳನ್ನು ಒಪ್ಪಿಸುವ ಜೆಸಿಎಲ್ ಭಾಷೆಯಲ್ಲಿ ಕೆಲವು ಸೂಚನೆಗಳ ಅರ್ಥವು ಅವುಗಳ ಸ್ಥಾನದಿಂದಲೇ ನಿರ್ಣೀತವಾಗುತ್ತಿದ್ದುದರಿಂದ, ಮಧ್ಯದ ಸೂಚನೆಯನ್ನು ಬಿಟ್ಟವನು ಅದರ ಅಲ್ಪವಿರಾಮವನ್ನು ಬಿಡುವಂತಿರಲಿಲ್ಲ. ಶೂನ್ಯವು ಅಲ್ಲಿ ಸ್ಥಾನರಕ್ಷಕ. ಫೋರ್ಟ್ರಾನ್ 77ರ ನಿಯಮವು ಇದಕ್ಕಿಂತಲೂ ಸೂಕ್ಷ್ಮವಾದುದು. ಮೂರು ಚರಗಳನ್ನು ಓದಿಕೊಳ್ಳುವ ಆಜ್ಞೆಗೆ ‘5,,7’ ಎಂಬ ದತ್ತವನ್ನಿತ್ತರೆ ಎರಡನೆಯ ಚರಕ್ಕೆ ಸೊನ್ನೆಯೂ ಬಾರದು, ದೋಷವೂ ಘಟಿಸದು. ಅದು ಮೊದಲು ಯಾವ ಮೌಲ್ಯವನ್ನು ಹೊಂದಿತ್ತೋ ಅದನ್ನೇ ಉಳಿಸಿಕೊಳ್ಳುತ್ತದೆ. ಏನನ್ನೂ ಬರೆಯದಿರುವುದೆಂದರೆ ಏನನ್ನೂ ಬದಲಿಸದಿರುವುದೆಂಬ ಈ ವ್ಯಾಖ್ಯೆಯನ್ನು ನಾನು ಬಹು ಗೌರವದಿಂದ ಕಾಣುತ್ತೇನೆ.

ಯೂನಿಕ್ಸಿನ ಪರಂಪರೆಯಲ್ಲಿ ವಿಷಯವು ಜಟಿಲವಾಯಿತು. ಏಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರು 1977ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರಚಿಸಿದ ಆಕ್ ಭಾಷೆಯು, ಬೇರೆ ಆದೇಶವಿಲ್ಲದಿದ್ದಲ್ಲಿ, ಪದಗಳ ನಡುವಣ ಖಾಲಿ ಜಾಗ ಎಷ್ಟೇ ದೀರ್ಘವಾಗಿರಲಿ ಅದನ್ನು ಒಂದೇ ವಿಭಾಜಕವೆಂದು ಬಗೆಯುತ್ತದೆ. ಆದರೆ ಕೋಲನ್ನನ್ನು ವಿಭಾಜಕವನ್ನಾಗಿ ನೇಮಿಸಿದೊಡನೆ ಪ್ರತಿಯೊಂದು ಕೋಲನ್ನಿಗೂ ಬೆಲೆ ಬಂದು, ಎರಡರ ನಡುವಣ ಶೂನ್ಯವೂ ಒಂದು ಅಂಶವಾಗುತ್ತದೆ. ಮನುಷ್ಯನು ಕಣ್ಣಳತೆಯಲ್ಲಿ ಬಿಡುವ ಜಾಗಕ್ಕೂ ಬೇಕೆಂದೇ ಇಡುವ ಚಿಹ್ನೆಗೂ ಭೇದವುಂಟಾದುದರಿಂದ ಇದು ವಿವೇಕದ ಏರ್ಪಾಡು. ಸಿ ಭಾಷೆಯಲ್ಲಿ ಪಠ್ಯವನ್ನು ಒಡೆಯುವ ಸ್ಟ್ರ್‌ಟಾಕ್ ಎಂಬ ಕಾರ್ಯವಾದರೋ ಈ ಭೇದವನ್ನು ಗಣಿಸದೆ, ಒತ್ತಾಗಿ ಬಂದ ಚಿಹ್ನೆಗಳನ್ನೆಲ್ಲ ಒಂದಾಗಿ ನುಂಗಿಬಿಡುತ್ತಿತ್ತು. ರಿಕ್ತಾಂಶಗಳನ್ನು ಹಿಂದಿರುಗಿಸಬಲ್ಲ ಸ್ಟ್ರ್‌ಸೆಪ್ ಎಂಬ ಬದಲಿಯನ್ನು ಬರ್ಕ್ಲಿ ಯೂನಿಕ್ಸಿನ 4.4ನೆಯ ಆವೃತ್ತಿಯಲ್ಲಿ ಸೇರಿಸಬೇಕಾಗಿ ಬಂದುದು ಇದರಿಂದಲೇ. ಈ ಶೂನ್ಯ ಅಲ್ಪವಾದುದಲ್ಲ. ಹಳೆಯ ಯೂನಿಕ್ಸಿನ ಪಾಸ್‌ವರ್ಡ್ ಕಡತದಲ್ಲಿ ಬಳಕೆದಾರನ ಹೆಸರಿನ ಮುಂದಣ ಅಂಶವು ರಿಕ್ತವಾಗಿದ್ದರೆ ಆತನು ಗುಪ್ತಪದವಿಲ್ಲದೆ ಪ್ರವೇಶಿಸಬಹುದಾಗಿತ್ತು. ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಶೆಲ್ಲಿಗೆ ತಿಳಿಸುವ ಪಾತ್ ಪಟ್ಟಿಯಲ್ಲಿ ಒಂದು ಕೋಲನ್ ಹೆಚ್ಚಾದರೆ ಆ ರಿಕ್ತಾಂಶಕ್ಕೆ ‘ಈಗಿರುವ ಕಡತಕೋಶ’ವೆಂಬ ಅರ್ಥ ಬಂದು, ಪರರು ಅಲ್ಲಿರಿಸಿದ ಕಪಟ ಕ್ರಮವಿಧಿ ನಡೆಯುವುದಕ್ಕೆ ದಾರಿಯಾಗುತ್ತದೆ.

1987ರಲ್ಲಿ ಲ್ಯಾರಿ ವಾಲ್ ಹೊರತಂದ ಪರ್ಲ್ ಭಾಷೆಯಲ್ಲಿ ಪಠ್ಯವನ್ನು ಅಂಶಗಳಾಗಿ ಒಡೆಯುವ ಸ್ಪ್ಲಿಟ್ ವಿಧಿಯು ಮೊದಲಿನ ಮತ್ತು ನಡುವಿನ ರಿಕ್ತಾಂಶಗಳನ್ನು ಕಾಪಾಡಿ, ಕೊನೆಯವನ್ನು ಮಾತ್ರ ಸದ್ದಿಲ್ಲದೆ ತೆಗೆದುಹಾಕುತ್ತದೆ. ಜಾವಾದ ವಿಧಿಯೂ ಅಂತಹುದೇ. ಪೈಥಾನಿನಲ್ಲಿ ವಿಭಾಜಕವನ್ನು ಹೆಸರಿಸಿದರೆ ರಿಕ್ತಾಂಶಗಳೆಲ್ಲವೂ ಉಳಿಯುತ್ತವೆ, ಹೆಸರಿಸದಿದ್ದರೆ ಒಂದೂ ಉಳಿಯದು.

ಕ್ರಮವಿಧಿಯ ಪಠ್ಯದಲ್ಲಿಯೇ ಬರೆಯುವ ಪಟ್ಟಿಗಳ ವಿಷಯದಲ್ಲಿ ಜಾವಾಸ್ಕ್ರಿಪ್ಟಿನ ವೃತ್ತಾಂತ ವಿಶೇಷವಾದುದು. 1999ರ ಅದರ ಮೂರನೆಯ ಮಾನಕದಂತೆ [1,,3] ಎಂಬ ಪಟ್ಟಿಯ ಉದ್ದ ಮೂರು; ಆದರೂ ಮಧ್ಯದಲ್ಲಿರುವುದು ಮೌಲ್ಯವಲ್ಲ, ಬರಿಯ ರಂಧ್ರ; ತರುವಾಯ ಬಂದ ಫಾರ್‌ಈಚ್ ವಿಧಿಯು ಅದನ್ನು ದಾಟಿ ಎರಡೇ ಅಂಶಗಳನ್ನು ಸಂದರ್ಶಿಸುತ್ತದೆ. [1,2,] ಎಂಬುದರ ಉದ್ದವಾದರೋ ಎರಡು. ಇಂಟರ್ನೆಟ್ ಎಕ್ಸ್‌ಪ್ಲೋರರಿನ ಹಳೆಯ ಆವೃತ್ತಿಗಳು ಇದನ್ನೇ ಮೂರೆಂದು ಎಣಿಸುತ್ತಿದ್ದುದರಿಂದ, ಒಂದೇ ಪುಟ ಎರಡು ಬ್ರೌಸರುಗಳಲ್ಲಿ ಎರಡು ಬಗೆಯಾಗಿ ವರ್ತಿಸಬಹುದಾಗಿತ್ತು. ಡಗ್ಲಸ್ ಕ್ರಾಕ್‌ಫರ್ಡ್ ನಿರೂಪಿಸಿದ ಜೇಸನ್ ಎಂಬ ದತ್ತರೂಪವು ಈ ಸಂದಿಗ್ಧವನ್ನೆಲ್ಲ ಪರಿಹರಿಸಿ, ರಂಧ್ರವನ್ನೂ ಕೊನೆಯ ಅಲ್ಪವಿರಾಮವನ್ನೂ ನಿಷೇಧಿಸಿತು. ಅಲ್ಲಿ ಇಲ್ಲದುದನ್ನು ‘ನಲ್’ ಎಂದು ಬಾಯಿಬಿಟ್ಟು ಹೇಳಲೇಬೇಕು.

ಇವುಗಳಲ್ಲಿ ರಿಕ್ತಾಂಶವನ್ನು ಉಳಿಸುವ ನಿಯಮವೂ ನಿಷೇಧಿಸುವ ನಿಯಮವೂ ಸಮರ್ಥನೀಯವೇ. ಹೇಳದೆ ಕೇಳದೆ ಕಳೆದುಬಿಡುವ ನಿಯಮ ಮಾತ್ರ ಸಮರ್ಥನೀಯವಲ್ಲ, ಏಕೆಂದರೆ ಕೊನೆಯ ಅಂಕಣ ಖಾಲಿಯಾಗಿರುವ ಸಾಲೊಂದು ಉಳಿದ ಸಾಲುಗಳಿಗಿಂತ ಗಿಡ್ಡವಾಗಿ, ತಪ್ಪು ಬಹುದೂರದಲ್ಲಿ ಬೇರೆ ರೂಪದಿಂದ ಪ್ರಕಟವಾಗುತ್ತದೆ. ಜಾವಾದಲ್ಲಿ ‘ಅ,ಆ,,’ ಎಂಬುದನ್ನು ಒಡೆದರೆ ಇಂದಿಗೂ ದೊರೆಯುವುದು ಎರಡೇ ಅಂಶ. ಒಡೆಯುವ ವಿಧಿಗೆ ಕೊಡಬಹುದಾದ ಮಿತಿಯ ಸ್ಥಾನದಲ್ಲಿ ಒಂದು ಋಣಸಂಖ್ಯೆಯನ್ನು ಕೊಟ್ಟರೆ ನಾಲ್ಕೂ ದೊರೆಯುತ್ತವೆ. ದತ್ತಗಳನ್ನು ಓದುವ ಕ್ರಮವಿಧಿ ಬರೆಯುವವರು ಆ ಋಣಸಂಖ್ಯೆಯನ್ನು ಮರೆಯದೆ ಕೊಡಬೇಕು.