ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯವೂ ಇಂಗ್ಲೆಂಡಿನ ವಿವಾಹಶಾಸನವೂ

ಕ್ರೈಸ್ತರ ಪವಿತ್ರಗ್ರಂಥದ ಹಳೆಯ ಒಡಂಬಡಿಕೆಯಲ್ಲಿ ಮೂರನೆಯದಾದ ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯವು ಮೂವತ್ತು ವಚನಗಳುಳ್ಳ ಚಿಕ್ಕದೊಂದು ಪ್ರಕರಣ. ಯಾರು ಯಾರನ್ನು ಕೂಡಬಾರದೆಂಬುದೇ ಅದರ ವಿಷಯ. ಪುರುಷನು ಪುರುಷನೊಡನೆ ಶಯನಿಸಕೂಡದೆಂಬ ಇಪ್ಪತ್ತೆರಡನೆಯ ವಚನವು ಸಮಲಿಂಗವಿವಾಹದ ಚರ್ಚೆಯಲ್ಲಿ ಪದೇ ಪದೇ ಉದಾಹೃತವಾದುದರಿಂದ, ಅಧ್ಯಾಯವೆಲ್ಲವೂ ಆ ಒಂದೇ ಮಾತಿಗಾಗಿ ಹುಟ್ಟಿತೋ ಎಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಆದರೆ ಇಂಗ್ಲೆಂಡಿನ ಚರಿತ್ರೆಯನ್ನು ನೋಡಿದರೆ, ನಾಲ್ಕು ಶತಮಾನಗಳ ಕಾಲ ಅಲ್ಲಿಯ ಅರಸರೂ ಬಿಷಪ್ಪರೂ ಪಾರ್ಲಿಮೆಂಟೂ ಕಾದಾಡಿದ್ದು ಆ ವಚನಕ್ಕಾಗಿ ಅಲ್ಲ. ಅದಕ್ಕೆ ತುಸು ಮೇಲಿರುವ ಹದಿನಾರನೆಯ ಮತ್ತು ಹದಿನೆಂಟನೆಯ ವಚನಗಳಿಗಾಗಿ.

ಹದಿನಾರನೆಯ ವಚನವು ಅಣ್ಣತಮ್ಮಂದಿರ ಹೆಂಡತಿಯನ್ನು ನಿಷೇಧಿಸುತ್ತದೆ. ಎಂಟನೆಯ ಹೆನ್ರಿಯು ೧೫೦೯ರಲ್ಲಿ ವರಿಸಿದ ಕ್ಯಾಥರೀನಳು ಅವನ ಅಣ್ಣ ಆರ್ಥರನ ವಿಧವೆ. ಪೋಪ್ ಎರಡನೆಯ ಜೂಲಿಯಸನು ಅನುಜ್ಞೆಯಿತ್ತ ಮೇಲೆಯೇ ಆ ವಿವಾಹ ನಡೆದಿತ್ತು. ಹದಿನೆಂಟು ವರುಷಗಳ ತರುವಾಯ, ಗಂಡುಸಂತಾನವಿಲ್ಲದೆ, ಆನ್ ಬೊಲೀನಳಲ್ಲಿ ಮನಸ್ಸೂ ನೆಟ್ಟಿದ್ದಾಗ, ಅರಸನಿಗೆ ಯಾಜಕಕಾಂಡದ ಭಯ ಹುಟ್ಟಿತು. ಅದೇ ಗ್ರಂಥದ ಇಪ್ಪತ್ತನೆಯ ಅಧ್ಯಾಯವು ಅಂಥ ದಂಪತಿಗಳು ಮಕ್ಕಳಿಲ್ಲದವರಾಗುವರೆಂದು ಸಾರುತ್ತದೆ. ಹೆನ್ರಿಗಾದರೋ ಮೇರಿ ಎಂಬ ಮಗಳಿದ್ದಳು. ಈ ತೊಡಕನ್ನು ನೀಗಲು ಹೀಬ್ರೂ ಪಂಡಿತ ರಾಬರ್ಟ್ ವೇಕ್‌ಫೀಲ್ಡನು ಮೂಲದ ಶಬ್ದಕ್ಕೆ ಗಂಡುಮಕ್ಕಳಿಲ್ಲದವರೆಂದೇ ಅರ್ಥವೆಂದು ಸಾಧಿಸಿಕೊಟ್ಟನು. ಇತ್ತ ಧರ್ಮೋಪದೇಶಕಾಂಡದ ಇಪ್ಪತ್ತೈದನೆಯ ಅಧ್ಯಾಯವು, ಸಂತಾನವಿಲ್ಲದೆ ಸತ್ತ ಅಣ್ಣನ ವಿಧವೆಯನ್ನು ತಮ್ಮನು ಕೈಹಿಡಿಯತಕ್ಕದ್ದೆಂದು ಆಜ್ಞಾಪಿಸುತ್ತದೆ! ಬಿಷಪ್ ಜಾನ್ ಫಿಷರನು ಇದನ್ನೇ ಹಿಡಿದು ರಾಣಿಯ ಪಕ್ಷವನ್ನು ವಾದಿಸಿದನು. ೧೫೩೩ರಲ್ಲಿ ಆರ್ಚ್‌ಬಿಷಪ್ ಕ್ರ್ಯಾನ್ಮರನು ವಿವಾಹವು ಅಸಿಂಧುವೆಂದು ತೀರ್ಪಿತ್ತನು. ರಾಜನ ಧರ್ಮಾಧಿಪತ್ಯವನ್ನು ಒಪ್ಪದ ಫಿಷರನು ೧೫೩೫ರಲ್ಲಿ ಶಿರಚ್ಛೇದಕ್ಕೆ ಗುರಿಯಾದನು.

ಈ ಶಾಸ್ತ್ರನಿಷ್ಠೆಯ ಇನ್ನೊಂದು ಮುಖವನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ಆನಳ ಅಕ್ಕ ಮೇರಿ ಬೊಲೀನಳು ಮೊದಲು ಅರಸನ ಉಪಪತ್ನಿಯಾಗಿದ್ದವಳು. ಅಂದಿನ ಧರ್ಮಸಭೆಯ ನ್ಯಾಯದಂತೆ ಅಂಥ ಸಂಬಂಧವೂ ವಿವಾಹದಷ್ಟೇ ಬಂಧುತ್ವವನ್ನು ಉಂಟುಮಾಡುತ್ತಿದ್ದುದರಿಂದ, ಆನಳು ಅವನಿಗೆ ನಿಷಿದ್ಧಳೇ. ಈ ದೋಷಕ್ಕೆ ಹೆನ್ರಿಯು ಪೋಪನಿಂದಲೇ ಅನುಜ್ಞೆ ಬೇಡಿದನು. ಒಂದು ಕಡೆ ಪೋಪನಿಗೆ ಇಲ್ಲದ ಅಧಿಕಾರವು ಮತ್ತೊಂದು ಕಡೆ ಅವನಿಗೆ ಇದ್ದಿತೆಂದು ತಿಳಿಯಬೇಕು.

ಮುಂದೆ ೧೫೬೩ರಲ್ಲಿ ಆರ್ಚ್‌ಬಿಷಪ್ ಪಾರ್ಕರನು ನಿಷಿದ್ಧಸಂಬಂಧಗಳ ಪಟ್ಟಿಯೊಂದನ್ನು ಹೊರಡಿಸಿದನು. ಯಾಜಕಕಾಂಡದಲ್ಲಿ ಶಬ್ದಶಃ ಇರುವುದಕ್ಕಿಂತ ಈ ಪಟ್ಟಿ ಎಷ್ಟೋ ದೊಡ್ಡದು. ಗ್ರಂಥವು ಒಂದು ಬಂಧುವನ್ನು ಹೆಸರಿಸಿದರೆ ಅದಕ್ಕೆ ಸಮಾನದೂರದ ಬಂಧುವೂ ನಿಷಿದ್ಧವೆಂಬ ತರ್ಕದಿಂದ ಅದು ಬೆಳೆಯಿತು. ಸೋದರತ್ತೆಯನ್ನೂ ತಾಯಿಯ ಸೋದರಿಯನ್ನೂ ನಿಷೇಧಿಸುವ ಗ್ರಂಥವು ಸೋದರಿಯ ಮಗಳ ವಿಷಯದಲ್ಲಿ ಮೌನವಾಗಿದೆ. ಯೆಹೂದ್ಯ ಪಂಡಿತರು ಆ ಮೌನವನ್ನು ಅನುಮತಿಯೆಂದು ಎಣಿಸಿ, ತಾಲ್ಮೂದಿನಲ್ಲಿ ಸೋದರಿಯ ಮಗಳನ್ನು ಮದುವೆಯಾಗುವವನನ್ನು ಹೊಗಳಿದರು. ಪಾರ್ಕರನಾದರೋ ಅವಳನ್ನು ಪಟ್ಟಿಗೆ ಸೇರಿಸಿದನು. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ, ಒಂದೇ ಅಧ್ಯಾಯದ ಒಂದೇ ಮೌನಕ್ಕೆ ಎರಡು ಸಮಾಜಗಳು ಹಚ್ಚಿದ ಈ ವಿರುದ್ಧಾರ್ಥಗಳು ವಿಶೇಷ ಸ್ವಾರಸ್ಯವೆನಿಸದಿರವು.

ಹತ್ತೊಂಬತ್ತನೆಯ ಶತಮಾನದಲ್ಲಿ ವಿವಾದವು ಮೃತಪತ್ನಿಯ ಸೋದರಿಯ ಮೇಲೆ ತಿರುಗಿತು. ಹೆಂಡತಿ ಸತ್ತು ಎಳೆಯ ಮಕ್ಕಳು ತಬ್ಬಲಿಗಳಾದಾಗ ಅವಳ ತಂಗಿಯೇ ಬಂದು ಮನೆಯನ್ನು ಸಂಬಾಳಿಸುವುದು ಎಲ್ಲ ದೇಶಗಳಲ್ಲಿಯೂ ಸಹಜವಾದುದು. ಅವಳನ್ನೇ ವರಿಸುವುದು ನಮ್ಮ ಸೀಮೆಯಲ್ಲಿ ಪುಣ್ಯಕಾರ್ಯವೆನಿಸಿಕೊಂಡಿತ್ತು. ಇಂಗ್ಲೆಂಡಿನಲ್ಲಿ ೧೮೩೫ರ ಶಾಸನವು ಅಂಥ ವಿವಾಹವು ಮುಂದೆ ಸರ್ವಥಾ ಶೂನ್ಯವೆಂದು ವಿಧಿಸಿತು. ಹದಿನೆಂಟನೆಯ ವಚನವು ಹೇಳುವುದೇನೆಂದರೆ, ಹೆಂಡತಿಯು ಜೀವಿಸಿರುವಾಗ ಅವಳಿಗೆ ಸವತಿಯಾಗುವಂತೆ ಅವಳ ಸೋದರಿಯನ್ನು ತರಬೇಡ ಎಂದು. ಜೀವಿಸಿರುವಾಗ ಎಂಬ ಮಾತು ಅಲ್ಲಿ ಸ್ಪಷ್ಟವಾಗಿದೆ. ಸುಧಾರಕರು ಅಕ್ಷರಾರ್ಥವನ್ನೇ ಹಿಡಿದು, ಸತ್ತ ಮೇಲೆ ಅಡ್ಡಿಯಿಲ್ಲವೆಂದರು. ಜಾನ್ ಕೀಬಲ್, ಎಡ್ವರ್ಡ್ ಪ್ಯೂಸಿ ಮೊದಲಾದ ಸಂಪ್ರದಾಯನಿಷ್ಠರು ಅಕ್ಷರಾರ್ಥಕ್ಕೆ ಸೊಪ್ಪು ಹಾಕದೆ, ಅಣ್ಣನ ಹೆಂಡತಿ ನಿಷಿದ್ಧಳಾದ ಮೇಲೆ ಹೆಂಡತಿಯ ತಂಗಿಯೂ ನ್ಯಾಯಸಾಮ್ಯದಿಂದ ನಿಷಿದ್ಧಳೇ ಎಂದರು. ಅಂದು ಶಬ್ದವನ್ನು ಮೀರಿ ತಾತ್ಪರ್ಯವನ್ನು ಅರಸಿದವರು ಸಂಪ್ರದಾಯಸ್ಥರು ಎಂಬುದನ್ನು ಗಮನಿಸಬೇಕು.

ವಾದವು ಪಂಡಿತರದಾದರೂ ನೋವು ಸಂಸಾರಗಳದು. ಮಸೂದೆಯು ೧೮೪೨ರಿಂದ ಮೊದಲಾಗಿ ಮತ್ತೆ ಮತ್ತೆ ಬಂದು ಬಿದ್ದುಹೋಯಿತು. ಕಡೆಗೆ ನಾಟಕಶಾಲೆಯ ವಿನೋದಗೀತಗಳಲ್ಲಿಯೂ ಅದು ಹಾಸ್ಯಾಸ್ಪದವಾಯಿತು. ಹಣವುಳ್ಳವರು ಹೊರದೇಶಕ್ಕೆ ಹೋಗಿ ಮದುವೆಯಾಗಿ ಬರುತ್ತಿದ್ದರು. ಬಡವರು ಮದುವೆಯಿಲ್ಲದೆಯೇ ಬಾಳಬೇಕಾಗುತ್ತಿತ್ತು. ಹೊರಗೆ ಆದ ಮದುವೆಗೂ ಬೆಲೆಯಿಲ್ಲವೆಂದು ೧೮೬೧ರಲ್ಲಿ ಲಾರ್ಡುಗಳ ಸಭೆಯು, ಡೆನ್ಮಾರ್ಕಿನ ಆಡಳಿತದಲ್ಲಿದ್ದ ಪ್ರದೇಶದಲ್ಲಿ ನಡೆದ ಒಂದು ವಿವಾಹದ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಆ ದಂಪತಿಗಳ ಮಕ್ಕಳು ನ್ಯಾಯದ ಕಣ್ಣಿನಲ್ಲಿ ಜಾರಜರಾದರು. ಬೈಬಲಿನ ಚಿತ್ರಗಳಿಂದಲೇ ಕೀರ್ತಿವಂತನಾದ ಕಲಾವಿದ ಹೋಲ್ಮನ್ ಹಂಟನು ೧೮೭೫ರಲ್ಲಿ ಸ್ವಿಟ್ಸರ್ಲೆಂಡಿಗೆ ಹೋಗಿ ತನ್ನ ಮೃತಪತ್ನಿಯ ತಂಗಿ ಈಡಿತಳನ್ನು ವರಿಸಿದನು. ಮೂವತ್ತೆರಡು ವರುಷಗಳ ಕಾಲ ಆಕೆ ಸ್ವದೇಶದ ಶಾಸನದಂತೆ ಅವನ ಹೆಂಡತಿಯಲ್ಲ. ೧೯೦೭ರಲ್ಲಿ ಶಾಸನವು ತಿದ್ದಲ್ಪಟ್ಟಿತು. ಇಷ್ಟವಿಲ್ಲದ ಪಾದ್ರಿಗಳು ಅಂಥ ವಿವಾಹಗಳನ್ನು ನೆರವೇರಿಸಬೇಕಾಗಿಲ್ಲವೆಂಬ ವಿನಾಯಿತಿಯೂ ಅದರಲ್ಲಿ ಸೇರಿತು. ಆದರೂ ಒಬ್ಬ ಪಾದ್ರಿಯು ಅಂಥ ದಂಪತಿಗಳಿಗೆ ಪವಿತ್ರಭೋಜನವನ್ನು ನಿರಾಕರಿಸಿ, ೧೯೧೨ರಲ್ಲಿ ಲಾರ್ಡುಗಳ ಸಭೆಯವರೆಗೆ ಹೋಗಿ ಸೋತನು. ೧೯೨೧ರಲ್ಲಿ ಸೋದರನ ವಿಧವೆಯೊಡನೆ ವಿವಾಹವೂ ಸಿಂಧುವಾಯಿತು. ಹೆನ್ರಿಯು ರೋಮಿನೊಡನೆ ಸಂಬಂಧವನ್ನೇ ಕಡಿದುಕೊಳ್ಳಲು ಆಧಾರಮಾಡಿಕೊಂಡ ಹದಿನಾರನೆಯ ವಚನವು, ನಾಲ್ಕುನೂರು ವರುಷಗಳಾಗುವ ಮೊದಲೇ, ಹೆಚ್ಚು ಗದ್ದಲವಿಲ್ಲದೆ ಬದಿಗೆ ಸರಿಯಿತು.

ಇಷ್ಟಾದ ಮೇಲೆ ಇಪ್ಪತ್ತೆರಡನೆಯ ವಚನದ ಸರದಿ. ಲೋಕದಲ್ಲಿ ಮೊದಲು ನೆದರ್ಲೆಂಡ್ಸ್ ದೇಶವು ೨೦೦೧ರಲ್ಲಿ ಸಮಲಿಂಗಿಗಳ ವಿವಾಹವನ್ನು ಅಂಗೀಕರಿಸಿತು. ೧೯೯೮ರಲ್ಲಿಯೇ ಲ್ಯಾಂಬೆತ್ತಿನಲ್ಲಿ ನೆರೆದ ಆಂಗ್ಲಿಕನ್ ಬಿಷಪ್ಪರು, ಅಂಥ ಸಂಬಂಧವು ಶಾಸ್ತ್ರವಿರುದ್ಧವೆಂದು ೭೦ಕ್ಕೆ ಎದುರಾಗಿ ೫೨೬ ಮತಗಳಿಂದ ನಿರ್ಣಯಿಸಿದ್ದರು. ಯಾಜಕಕಾಂಡವೊಂದೇ ಇವರ ಆಧಾರವೆಂದರೆ ಅನ್ಯಾಯವಾದೀತು. ರೋಮಾಪುರದವರಿಗೆ ಪೌಲನು ಬರೆದ ಪತ್ರವನ್ನೂ, ಆದಿಯಲ್ಲಿ ಗಂಡುಹೆಣ್ಣುಗಳ ಸೃಷ್ಟಿಯನ್ನೂ ಅವರು ಮುಂದಿಡುತ್ತಾರೆ. ಅಲ್ಲದೆ ಮೋಶೆಯ ಆಚಾರನಿಯಮಗಳು ಕ್ರೈಸ್ತರನ್ನು ಕಟ್ಟುವುದಿಲ್ಲ, ನೀತಿನಿಯಮಗಳು ಕಟ್ಟುತ್ತವೆ ಎಂಬುದು ಇಂಗ್ಲೆಂಡಿನ ಧರ್ಮಸಭೆಯ ಮೂವತ್ತೊಂಬತ್ತು ಸೂತ್ರಗಳಲ್ಲಿ ಏಳನೆಯದರ ಸಿದ್ಧಾಂತ. ಸಿದ್ಧಾಂತವೇನೋ ಸರಿಯೆ. ಯಾವುದು ಆಚಾರ, ಯಾವುದು ನೀತಿ ಎಂಬ ಗುರುತನ್ನು ಮಾತ್ರ ಆ ಅಧ್ಯಾಯವು ಎಲ್ಲಿಯೂ ಇಟ್ಟಿಲ್ಲ. ಋತುಮತಿಯಾದ ಹೆಂಡತಿಯನ್ನು ಕೂಡಬಾರದೆಂಬ ಹತ್ತೊಂಬತ್ತನೆಯ ವಚನವು ಅದೇ ಸಾಲಿನಲ್ಲಿದೆ. ಅದಕ್ಕಾಗಿ ಶಾಸನವನ್ನು ಯಾರೂ ಬೇಡಲಿಲ್ಲ. ಎದುರುಪಕ್ಷದವರೂ ಆರಿಸಿ ಓದುವುದರಲ್ಲಿ ಹಿಂದೆ ಬಿದ್ದವರಲ್ಲ. ಎರಡು ಬಗೆಯ ನೂಲಿನ ಬಟ್ಟೆಯನ್ನು ಉಡಬೇಡವೆಂಬ ಹತ್ತೊಂಬತ್ತನೆಯ ಅಧ್ಯಾಯದ ಮಾತನ್ನು ಅವರು ನಗೆಗೀಡುಮಾಡುತ್ತಾರೆ; ಅದರ ಹಿಂದಿನ ವಚನದಲ್ಲಿಯೇ ಇರುವ ನೆರೆಯವನನ್ನು ಪ್ರೀತಿಸೆಂಬ ಮಾತನ್ನು ಶಿರಸಾ ವಹಿಸುತ್ತಾರೆ.

ಆದರೆ ಎಲ್ಲಕ್ಕಿಂತ ವಿಚಾರಾರ್ಹವಾದುದು ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯ. ವಿವಾಹವೆಂದರೆ ಗಂಡುಹೆಣ್ಣುಗಳದೇ ಎನ್ನುವವರು ಯೇಸುವಿನ ಬಾಯಿಂದಲೇ ಬಂದುದೆಂದು ಇದನ್ನು ಉದ್ಧರಿಸುವರು. ಅಲ್ಲಿ ಕೇಳಲ್ಪಟ್ಟ ಪ್ರಶ್ನೆಯಾದರೋ ಹೆಂಡತಿಯನ್ನು ಬಿಡಬಹುದೇ ಎಂಬುದು. ಕೊಟ್ಟ ಉತ್ತರ, ದೇವರು ಕೂಡಿಸಿದುದನ್ನು ಮನುಷ್ಯನು ಅಗಲಿಸಬಾರದೆಂಬುದು. ಮಾರ್ಕನಲ್ಲಿ ಈ ನಿಷೇಧಕ್ಕೆ ಅಪವಾದವೇ ಇಲ್ಲ. ಮತ್ತಾಯನಲ್ಲಿ ವ್ಯಭಿಚಾರವೊಂದೇ ಅಪವಾದ. ಇದೇ ಇಂಗ್ಲೆಂಡಿನ ಧರ್ಮಸಭೆಯು, ಬಿಟ್ಟ ಸಂಗಾತಿ ಬದುಕಿರುವಾಗಲೂ ವಿಶೇಷ ಸಂದರ್ಭಗಳಲ್ಲಿ ಚರ್ಚಿನಲ್ಲಿ ಪುನರ್ವಿವಾಹವಾಗಬಹುದೆಂದು ೨೦೦೨ರಲ್ಲಿ ಒಪ್ಪಿತು. ಮನುಷ್ಯರ ದೌರ್ಬಲ್ಯವನ್ನು ಕಂಡು ಮಾಡಿದ ಈ ಔದಾರ್ಯವನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಉತ್ತರದ ವಿಧಿಭಾಗವನ್ನು ಸಡಲಿಸಿ, ಅದರ ಪೀಠಿಕೆಯನ್ನು ಮಾತ್ರ ಅನ್ಯರ ಮೇಲೆ ಬಿಗಿಯಾಗಿ ಹಿಡಿಯುವುದು ಹೇಗೆಂಬುದಕ್ಕೆ ಸಮಾಧಾನಕರವಾದ ಉತ್ತರ ದೊರೆತಂತೆ ಕಾಣುವುದಿಲ್ಲ.

ಹಳೆಯ ನೋವು ಹೊಸಬರ ಪಾಲಿಗೂ ಬಂದಿತು. ೨೦೦೩ರಲ್ಲಿ ಕೆನಡಾದಲ್ಲಿ ವಿಧಿವತ್ತಾಗಿ ವಿವಾಹವಾದ ಇಬ್ಬರು ಸ್ತ್ರೀಯರು ತಮ್ಮನ್ನು ದಂಪತಿಗಳೆಂದು ಅಂಗೀಕರಿಸಬೇಕೆಂದು ಇಂಗ್ಲೆಂಡಿನ ಉಚ್ಚನ್ಯಾಯಾಲಯವನ್ನು ಬೇಡಿದಾಗ, ಅದು ೨೦೦೬ರಲ್ಲಿ ಒಪ್ಪದೆ, ಅವರದು ನಾಗರಿಕ ಸಹಭಾಗಿತ್ವವೇ ಹೊರತು ವಿವಾಹವಲ್ಲವೆಂದಿತು. ನ್ಯಾಯಾಧೀಶರು ಶಾಸ್ತ್ರವಚನದ ಮೇಲೆ ತೀರ್ಪಿಡಲಿಲ್ಲ. ಆದರೆ ಕಡಲಾಚೆ ಹೆಂಡತಿಯಾದವಳು ತಾಯ್ನಾಡಿನ ರೇವಿನಲ್ಲಿ ಇಳಿದೊಡನೆ ಹೆಂಡತಿಯಲ್ಲವಾಗುವ ಪರಿ ಈಡಿತಳದೇ. ೨೦೧೩ರ ಶಾಸನದಿಂದ ಈ ಭೇದವು ನೀಗಿ, ೨೦೧೪ರ ಮಾರ್ಚಿ ೨೯ರಿಂದ ಇಂಗ್ಲೆಂಡು ವೇಲ್ಸುಗಳಲ್ಲಿ ಸಮಲಿಂಗವಿವಾಹಗಳು ನಡೆಯತೊಡಗಿದವು. ೧೯೦೭ರಲ್ಲಿ ಪಾದ್ರಿಗಳಿಗೆ ನಿರಾಕರಿಸುವ ಸ್ವಾತಂತ್ರ್ಯವಿತ್ತು. ಈ ಸಲ ಇಂಗ್ಲೆಂಡಿನ ಧರ್ಮಸಭೆಯ ಪಾದ್ರಿಗಳಿಗೆ ನೆರವೇರಿಸುವ ಸ್ವಾತಂತ್ರ್ಯವೇ ಇಲ್ಲ. ೨೦೨೩ರ ಡಿಸೆಂಬರಿನಿಂದ ಅವರು ಅಂಥ ಜೋಡಿಗಳಿಗಾಗಿ ನಿತ್ಯದ ಆರಾಧನೆಯ ನಡುವೆ ಪ್ರಾರ್ಥಿಸಬಹುದೆಂದಾಯಿತು. ಆ ಪ್ರಾರ್ಥನೆಯು ವಿವಾಹವಿಧಿಯಲ್ಲವೆಂದು ಬಿಷಪ್ಪರು ಎಚ್ಚರಿಕೆಯಿಂದ ಸ್ಪಷ್ಟಪಡಿಸಿದರು.