ವೃಷಭಾಚಲದ ಪ್ರಶಸ್ತಿ

ಪಂಪಕವಿಯ ಆದಿಪುರಾಣವು ಶಕವರ್ಷ 863ರಲ್ಲಿ, ಎಂದರೆ ಕ್ರಿ. ಶ. 941ರಲ್ಲಿ ರಚಿತವಾದ ಗ್ರಂಥವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದರಲ್ಲಿ ನೀಲಾಂಜನೆಯ ನೃತ್ಯಪ್ರಸಂಗವನ್ನು ಎಲ್ಲರೂ ಕೊಂಡಾಡುವರು, ಅದು ಕೊಂಡಾಡತಕ್ಕುದೇ. ಆದರೆ ರಾಜ್ಯಪದವಿಯ ಅನಿತ್ಯತೆಯನ್ನು ವಿಚಾರಿಸುವವರಿಗೆ ವೃಷಭಾಚಲದ ಸಂದರ್ಭವು ಇನ್ನೂ ಹೆಚ್ಚು ಪ್ರಯೋಜನಕಾರಿ.

ಷಟ್ಖಂಡಮಂಡಲವನ್ನು ಜಯಿಸಿದ ಭರತೇಶ್ವರನು ತನ್ನ ಕೀರ್ತಿಯನ್ನು ಶಿಲೆಯಲ್ಲಿ ಬರೆಯಿಸಬೇಕೆಂದು ಆ ಪರ್ವತಕ್ಕೆ ಬರುತ್ತಾನೆ. ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು ಅಲ್ಲಿ ಕಿಕ್ಕಿರಿದಿವೆ, ಬರೆಯುವುದಕ್ಕೆ ತೆರಪಿಲ್ಲ. ಆತನ ಗರ್ವವು ಇಳಿಯುತ್ತದೆ. ಆದರೂ ಬರಿಗೈಯಲ್ಲಿ ಹಿಂದಿರುಗುವುದಿಲ್ಲ; ಒಬ್ಬನ ಪ್ರಶಸ್ತಿಯನ್ನು ಅಳಿಸಿ ತನ್ನದನ್ನು ಬರೆಯಿಸುತ್ತಾನೆ. ಗರ್ವಭಂಗವಾದ ಮೇಲೂ ಅಳಿಸಿದನೆಂಬುದೇ ಇಲ್ಲಿಯ ಮರ್ಮ. ತಿಳಿವು ಬಂದಿತು, ಆಸೆ ಬಿಡಲಿಲ್ಲ. ಮುಂದೆ ಚಕ್ರರತ್ನವು ಅಯೋಧ್ಯೆಯನ್ನು ಹೊಗದೆ ನಿಂತು, ತಮ್ಮನಾದ ಬಾಹುಬಲಿಯೊಡನೆ ಕಾಳಗವೊದಗುವುದಕ್ಕೆ ಇದೇ ಪೀಠಿಕೆಯೆನ್ನಬಹುದು.

ಈ ಕಥೆಯು ಪಂಪನ ಸ್ವಕಲ್ಪಿತವಲ್ಲ. ಅಮೋಘವರ್ಷ ನೃಪತುಂಗನ ಗೌರವಕ್ಕೆ ಪಾತ್ರರಾದ ಜಿನಸೇನಾಚಾರ್ಯರ ಸಂಸ್ಕೃತ ಪೂರ್ವಪುರಾಣದಿಂದ ಬಂದುದು. ಆದರೆ ಪಂಪನು ವೇಮುಲವಾಡದ ಅರಿಕೇಸರಿಯ ಆಶ್ರಿತ. ವಿಕ್ರಮಾರ್ಜುನವಿಜಯದಲ್ಲಿ ಆ ಒಡೆಯನನ್ನೇ ಅರ್ಜುನನೊಡನೆ ಅಭೇದಮಾಡಿ ಹೊಗಳಿದವನು. ಪ್ರಶಸ್ತಿಯನ್ನು ಕಟ್ಟುವ ಕೈಯೇ ಪ್ರಶಸ್ತಿಯ ಅಳಿವನ್ನೂ ಬರೆದಿದೆ. ಇದನ್ನು ಕಪಟವೆಂದು ಎಣಿಸುವುದು ಅನ್ಯಾಯ. ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುವೆನೆಂದು ಕವಿಯೇ ಹೇಳಿಕೊಂಡಿದ್ದಾನಷ್ಟೆ.

ರಾಷ್ಟ್ರಕೂಟರ ಪತನವನ್ನು ಕಂಡು ಕವಿಯು ಹೀಗೆ ಬರೆದನೆಂದು ಊಹಿಸುವುದಕ್ಕೂ ಅವಕಾಶವಿಲ್ಲ. 941ರಲ್ಲಿ ಮೂರನೆಯ ಕೃಷ್ಣನು ಪಟ್ಟಕ್ಕೆ ಬಂದು ಎರಡೇ ವರ್ಷಗಳಾಗಿದ್ದುವು. ಚೋಳ ರಾಜಾದಿತ್ಯನು ಮಡಿದ ತಕ್ಕೋಲದ ಯುದ್ಧವು 949ರದು. ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದುದು 972ರಲ್ಲಿ. ಚಾಲುಕ್ಯ ತೈಲಪನು ರಾಜ್ಯವನ್ನು ಕೈವಶಮಾಡಿಕೊಂಡುದು ಮರುವರ್ಷ. ಆ ವಂಶದ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ಮುಡಿಪಿದನು. ಕಾವ್ಯವು ಅಭ್ಯುದಯಕಾಲದ್ದೆಂಬುದನ್ನು ಮರೆತರೆ ಅದರ ಬೆಲೆಯೇ ತಿಳಿಯದು.

ನಿಜವಾದ ಬಂಡೆಗಳ ಸಾಕ್ಷ್ಯವೂ ಇದೆ. ಸೌರಾಷ್ಟ್ರದ ಗಿರಿನಗರದಲ್ಲಿ ಒಂದೇ ಬಂಡೆಯ ಮೇಲೆ ಅಶೋಕನ ಧರ್ಮಲಿಪಿ, ಕ್ರಿ. ಶ. 150ರ ಸುಮಾರಿನ ರುದ್ರದಾಮನ ಶಾಸನ, ಐದನೆಯ ಶತಮಾನದ ಸ್ಕಂದಗುಪ್ತನ ಶಾಸನ, ಈ ಮೂರೂ ಇವೆ. ಅಲ್ಲಿ ಹಿಂದಿನದನ್ನು ಒರಸದೆ ಬಿಟ್ಟೆಡೆಯಲ್ಲಿ ಬರೆಯಿಸಿದ್ದಾರೆ. ಕಡೆಯ ಎರಡರಲ್ಲಿಯೂ ದಿಗ್ವಿಜಯದ ಹೊಗಳಿಕೆಯೊಡನೆ ಉಳಿದು ಬಂದಿರುವ ಮುಖ್ಯವಾರ್ತೆಯು ಒಡೆದ ಸುದರ್ಶನವೆಂಬ ಕೆರೆಯ ಏರಿಯನ್ನು ಮತ್ತೆ ಕಟ್ಟಿಸಿದುದು.