ಲಕ್ಕಣ ವೀರಣರ ತಾಯಿ

ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರವು, ಎಂದರೆ ಇಂದಿನ ಹಳೇಬೀಡು, ಹಾಳಾದುದಕ್ಕೆ ಇತಿಹಾಸಕಾರರು ಹೇಳುವ ಕಾರಣ ಒಂದು ಬಗೆಯದು. ಹಳೇಬೀಡಿನ ಸೀಮೆಯ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದುದು ಇನ್ನೊಂದು ಬಗೆಯದು. 1311ರಲ್ಲಿ ಡಿಲ್ಲಿಯ ಮಲಿಕ್ ಕಾಫೂರನ ದಂಡು ಮೂರನೆಯ ವೀರಬಲ್ಲಾಳನ ಬೊಕ್ಕಸವನ್ನು ಬರಿದುಮಾಡಿ ಹೋದುದು, 1327ರ ಸುಮಾರಿಗೆ ಮಹಮದ್ ಬಿನ್ ತುಘಲಕನ ಸೈನ್ಯ ಬಂದು ಅಳಿದುಳಿದುದನ್ನೂ ಕೆಡವಿದುದು, ದೊರೆಯು ತಿರುವಣ್ಣಾಮಲೆಯಲ್ಲಿ ನೆಲೆನಿಂತು 1342ರ ಸುಮಾರಿಗೆ ಮಧುರೆಯ ಸುಲ್ತಾನನ ಕೈಸೆರೆಯಾಗಿ ಹತನಾದುದು, ಇವೆಲ್ಲವೂ ಗ್ರಂಥಸ್ಥವಾದ ಸಂಗತಿಗಳು. ಊರಿನವರ ಕಥೆಯಲ್ಲಿ ಕಾಫೂರನಿಗಾಗಲಿ ತುಘಲಕನಿಗಾಗಲಿ ಮುಖ್ಯಸ್ಥಾನವಿಲ್ಲ. ಅಲ್ಲಿರುವವರು ಇಬ್ಬರು ಹುಡುಗರು, ಅವರ ತಾಯಿ, ಮತ್ತು ಆಕೆಯ ಮುಖಕ್ಕೆ ಬಾಗಿಲು ಹಾಕಿಕೊಂಡ ಒಂದು ಪಟ್ಟಣ.

ಆ ಐತಿಹ್ಯವನ್ನು ಬಿ. ಎಲ್. ರೈಸರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿಟ್ಟಿದ್ದಾರೆ. ಬಲ್ಲಾಳರಾಯನ ಸೋದರಿಯು ಲಕ್ಕಣ ವೀರಣರೆಂಬ ಪ್ರಾಯದ ಮಕ್ಕಳಿಬ್ಬರನ್ನು ಕರೆದುಕೊಂಡು ತವರಿಗೆ ಬಂದಳು. ಅಂತಃಪುರದ ಸ್ತ್ರೀಯೊಬ್ಬಳು ಆ ತರುಣರಲ್ಲಿ ಮೋಹಗೊಂಡು, ಅವರು ಒಲ್ಲೆವೆನ್ನಲು, ತನ್ನ ಮಾನಕ್ಕೆ ಕೈಯಿಕ್ಕಿದರೆಂದು ಅರಸನಲ್ಲಿ ದೂರಿದಳು. ಸೋದರಮಾವನು ಅಳಿಯಂದಿರನ್ನು ಕರೆಸಿ ಒಂದು ಮಾತನ್ನೂ ಕೇಳಲಿಲ್ಲ. ಶೂಲಕ್ಕೇರಿಸಿ, ಊರಬಾಗಿಲಲ್ಲಿ ಬಂದುಹೋಗುವವರ ಕಣ್ಣಿಗೆ ಬೀಳುವಂತೆ ಇಡಿರೆಂದು ಆಜ್ಞಾಪಿಸಿದನು. ಮಕ್ಕಳ ಗತಿಯನ್ನು ಕೇಳಿ ನ್ಯಾಯ ಬೇಡುತ್ತ ಬೀದಿಗಿಳಿದ ತಾಯಿಗೆ ಆ ಮಹಾನಗರದಲ್ಲಿ ಒಂದು ಗುಟುಕು ನೀರು ಸಹ ಹುಟ್ಟಲಿಲ್ಲ. ಕುಂಬಾರಗೇರಿಯವರು ಮಾತ್ರ ಆಕೆಯನ್ನು ಕಂಡು ಮರುಗಿದರು. ಅರಸನ ವಂಶ ನಿರ್ವಂಶವಾಗಲಿ, ಪಟ್ಟಣ ಹಾಳುಬೀಳಲಿ, ಕುಂಬಾರಗೇರಿಯೊಂದು ಉಳಿಯಲಿ ಎಂದು ಆಕೆ ಶಪಿಸಿದಳು.

ಇದನ್ನು ನಡೆದ ಸಂಗತಿಯೆಂದು ಒಪ್ಪಬೇಕಾಗಿಲ್ಲ. ಆದರೆ ಒಂದು ಸೀಮೆಯ ಜನ ತಮ್ಮ ರಾಜಧಾನಿಯು ಯಾವ ಪಾಪಕ್ಕಾಗಿ ಹಾಳಾಗಲು ಅರ್ಹವಾಗಿತ್ತೆಂದು ಭಾವಿಸಿದರು ಎಂಬುದು ಇತಿಹಾಸಕ್ಕೆ ಸೇರಿದ ವಿಷಯವೇ ಹೌದು. ನ್ಯಾಯವಿಚಾರಣೆಯ ಕ್ರಮವು ಈ ನಾಡಿಗೆ ಅಪರಿಚಿತವಾಗಿತ್ತೆಂದು ಅರಸನನ್ನು ಸಮರ್ಥಿಸುವಂತೆಯೂ ಇಲ್ಲ. ಹೊಯ್ಸಳರು ಇನ್ನೂ ಚಾಲುಕ್ಯರ ಮಾಂಡಲಿಕರಾಗಿದ್ದ ಕಾಲದಲ್ಲಿ, ಆ ಚಾಲುಕ್ಯರ ಕಲ್ಯಾಣದಲ್ಲಿಯೇ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ವ್ಯವಹಾರಕ್ಕೆ, ಎಂದರೆ ನ್ಯಾಯವಿಚಾರಣೆಗೆ, ನಾಲ್ಕು ಪಾದಗಳು, ದೂರುವವನ ಮಾತು ಮೊದಲನೆಯದು, ದೂರಿಗೊಳಗಾದವನ ಉತ್ತರ ಎರಡನೆಯದು, ಪ್ರಮಾಣ ಮೂರನೆಯದು, ನಿರ್ಣಯ ಕಡೆಯದು ಎಂಬುದು ಅಲ್ಲಿ ವಿಸ್ತಾರವಾಗಿ ವಿವೇಚಿತವಾಗಿದೆ. ಲಕ್ಕಣ ವೀರಣರ ಪಾಲಿಗೆ ಮೊದಲನೆಯ ಪಾದದಿಂದ ನಾಲ್ಕನೆಯದಕ್ಕೆ ಒಂದೇ ಹೆಜ್ಜೆ. ಸಭೆಯಲ್ಲಿ ಅಧರ್ಮ ನಡೆದರೆ ಅದರ ಪಾಪದಲ್ಲಿ ಕಾಲುಭಾಗ ಮಾಡಿದವನಿಗೆ, ಕಾಲುಭಾಗ ಸಾಕ್ಷಿಗೆ, ಕಾಲುಭಾಗ ಸಭಾಸದರಿಗೆ, ಕಾಲುಭಾಗ ರಾಜನಿಗೆ ಎಂದು ಮನುಸ್ಮೃತಿಯು ಹಂಚಿದೆ. ಜನಪದದ ಕಥೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಸಭೆಯ ಹೊರಗೆ ಕುಳಿತಿದ್ದ ಕೇರಿಕೇರಿಗೂ ಪಾಲು ಹಚ್ಚಿತು. ಈ ಕಥೆಯ ಹಿರಿಮೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ.

ಬಾಗಿಲು ಹಾಕಿಕೊಂಡವರು ಕ್ರೂರಿಗಳೇನೂ ಆಗಿರಲಾರರು. 1117ರಲ್ಲಿ ಬೇಲೂರಿನ ಕೇಶವನನ್ನು ಪ್ರತಿಷ್ಠಿಸಿ, ಮದನಿಕೆಯ ಕೈಬಳೆ ಸರಿದಾಡುವಂತೆ ಕಲ್ಲನ್ನು ಕೊರೆದು, 1220ರಲ್ಲಿ ಅರಸೀಕೆರೆಯ ಈಶ್ವರಾಲಯವನ್ನು ಎತ್ತಿ, ಕೆರೆ ಕಟ್ಟಿಸುವುದನ್ನೂ ಅರವಟ್ಟಿಗೆಯಿಡುವುದನ್ನೂ ಪುಣ್ಯವೆಂದು ನಂಬಿದ್ದ ರಾಜ್ಯದ ಪ್ರಜೆಗಳು ಅವರು. ಅರಸನ ಕೋಪಕ್ಕೆ ಅಂಜಿದ್ದುದು ನಿಜವಿರಬಹುದು. ಆದರೆ ಅಂಜಿಕೆ ತನ್ನನ್ನು ಅಂಜಿಕೆಯೆಂದು ಒಪ್ಪಿಕೊಳ್ಳುವುದಿಲ್ಲ, ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂಬ ನುಡಿಯನ್ನು ಮುಂದಿಟ್ಟುಕೊಳ್ಳುತ್ತದೆ. ಅರಸನೇನು ಸುಮ್ಮಸುಮ್ಮನೆ ಶೂಲಕ್ಕೆ ಹಾಕಿಸುವನೇ, ಹುಡುಗರು ಏನಾದರೂ ಮಾಡಿಯೇ ಇರಬೇಕು, ಬೆಳೆದ ಮಕ್ಕಳನ್ನು ತಾಯಿಯಾದವಳು ಹದ್ದುಬಸ್ತಿನಲ್ಲಿಡಬೇಡವೇ ಎಂಬ ಮಾತುಗಳು ಜಗಲಿಯಿಂದ ಜಗಲಿಗೆ ಹರಿದಿರಬೇಕು. ಇಂದಿಗೂ ಹಾದಿತಪ್ಪಿದ ಹುಡುಗನ ಮನೆಯ ಮುಂದೆ, ಕೊಲೆಗೀಡಾದ ಹುಡುಗಿಯ ಮನೆಯ ಮುಂದೆ, ಸ್ವಲ್ಪ ದೂರದಲ್ಲಿ ನಿಂತವರು ಆಡಿಕೊಳ್ಳುವುದು ಬಹುಮಟ್ಟಿಗೆ ಇವೇ ಮಾತುಗಳನ್ನು. ದುಃಖಿತರಲ್ಲಿ ಒಂದು ತಪ್ಪನ್ನು ಹುಡುಕಿಕೊಂಡರೆ, ಅಂಥ ಕೇಡು ನಮ್ಮ ಮನೆಗೆ ಬರಲಾರದೆಂಬ ಧೈರ್ಯ ನಮಗೆ ಉಳಿಯುತ್ತದೆ.

ಇದೇ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಸಮೀಪದಲ್ಲಿ ಕುವರ ಲಕ್ಷ್ಮನ ಸ್ಮಾರಕಸ್ತಂಭವೊಂದಿದೆ. ಎರಡನೆಯ ಬಲ್ಲಾಳನು ತೀರಿಕೊಂಡಾಗ ಒಡೆಯನೊಡನೆ ಸಾಯುವೆನೆಂಬ ವೇಳೆವಾಳಿಯ ಪಣಕ್ಕೆ ತಪ್ಪದೆ, ಪತ್ನಿಯೊಡನೆ, ಗರುಡರೆಂಬ ತನ್ನ ಪರಿವಾರದೊಡನೆ ಪ್ರಾಣತೆತ್ತ ವೀರನವನು. ತಮ್ಮ ಶಿರಸ್ಸನ್ನು ತಾವೇ ಕತ್ತರಿಸಿಕೊಳ್ಳುವ ಭಟರ ಆಕೃತಿಗಳನ್ನು ಆ ಕಂಬದಲ್ಲಿ ಹತ್ತಿರದಿಂದ ನೋಡಿದವರು ಮರೆಯಲಾರರು. ಅರಸನಿಗಾಗಿ ಸತ್ತವರಿಗೆ ಶಾಸನ ದೊರೆಯಿತು. ಅರಸನಿಂದಲೇ ಸತ್ತ ಇಬ್ಬರು ಎಳೆಯರ ಹೆಸರನ್ನು ಬಾಯಿಮಾತು ಕಾಪಾಡಿತು.

ಇಂಥದೇ ಕಥೆಯೊಂದು ಕಂಪಿಲಿಯ ಕುಮಾರರಾಮನ ಹೆಸರಿನಲ್ಲಿಯೂ ಇದೆಯಷ್ಟೆ. ಅಲ್ಲಿ ಮಲತಾಯಿ ರತ್ನಾಜಿಯು ದೂರಿತ್ತಾಗ ತಂದೆ ಕಂಪಿಲರಾಯನು ಮಗನ ತಲೆ ಕಡಿಯಿರೆಂದನು. ಮಂತ್ರಿ ಬೈಚಪ್ಪನು ಮಾತ್ರ ಅವನನ್ನು ಗುಪ್ತವಾಗಿರಿಸಿ, ಬೇರೊಂದು ತಲೆಯನ್ನು ತೋರಿಸಿ ಉಳಿಸಿದನು. ಮುಂದೆ ಡಿಲ್ಲಿಯ ದಂಡು ಬಂದಾಗ ಕಂಪಿಲಿಗೆ ನೆರವಾದವನು ಆ ರಾಮನೇ. ಪ್ರಾಯದ ಹುಡುಗನ ಮೇಲೆ ಊರೆಲ್ಲ ಮುನಿದಾಗ ಅವನ ಪರವಾಗಿ ನಿಲ್ಲುವ ಹಿರಿಯನೊಬ್ಬನಿದ್ದರೆ ಸಾಕಾಗುತ್ತದೆ. ದೋರಸಮುದ್ರದ ಅರಮನೆಯಲ್ಲಿ ಆ ಒಬ್ಬನೂ ಇರಲಿಲ್ಲ.

ಇಂಥ ಕಥೆಗಳೆಲ್ಲ ಹೆಣ್ಣಿನ ಮೋಹವನ್ನೇ ಕೇಡಿನ ಮೂಲವಾಗಿಸುತ್ತವೆಂಬುದು ನನಗೆ ನೋವಿನ ವಿಷಯ. ಅವುಗಳನ್ನು ಕೇಳಿ ಬೆಳೆದ ಸಮಾಜವು ನಿಜವಾಗಿ ನೊಂದ ಹೆಣ್ಣೊಬ್ಬಳು ಬಂದು ದೂರಿದಾಗಲೂ ಮೊದಲು ಆಕೆಯನ್ನೇ ಶಂಕಿಸುತ್ತದೆ. ಬಲ್ಲಾಳನು ಅಂತಃಪುರದ ಆ ಸ್ತ್ರೀಯ ಮಾತನ್ನು ಕೇಳಿದುದು ತಪ್ಪಲ್ಲ, ಕೇಳಲೇಬೇಕಾಗಿತ್ತು. ಅದನ್ನು ಪರೀಕ್ಷಿಸದೆ, ಹುಡುಗರ ಉತ್ತರವನ್ನು ಕೇಳದೆ, ತನ್ನ ಮಾನಕ್ಕೆ ಧಕ್ಕೆಯಾಯಿತೆಂಬ ಒಂದೇ ಕಾರಣಕ್ಕೆ ಶೂಲ ನೆಡಿಸಿದುದು ತಪ್ಪು. ತಾಯಿಯ ಶಾಪವು ಆ ಸ್ತ್ರೀಯನ್ನು ಹೆಸರಿಸುವುದಿಲ್ಲ. ಅದು ತಗಲಿದುದು ಅರಸನ ವಂಶಕ್ಕೆ, ಮತ್ತು ನೀರು ಕೊಡದ ಕೇರಿಗಳಿಗೆ.